ಖಾಸಗಿ, ಸಾರ್ವಜನಿಕ ಹಾಗೂ ಮಿಶ್ರ ಕ್ಲೌಡ್ ಕಂಪ್ಯೂಟಿಂಗ್: ವ್ಯತ್ಯಾಸಗಳ ಕುರಿತು ಮಾಹಿತಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಹೇರೂರಿನಲ್ಲಿ ಅಡಿಕೆ ತೋಟ ಹೊಂದಿರುವ ರೈತರೊಬ್ಬರ ಪಹಣಿ, ಆಧಾರ್ ವಿವರ, ಬೆಳೆ ವಿಮೆಯ ಅರ್ಜಿ ಇವುಗಳ ಗಣಕೀಕೃತ ಮೂಲ ದಾಖಲೆಯು ಇಂದು ಆ ಗ್ರಾಮದಲ್ಲಾಗಲಿ ತಾಲ್ಲೂಕು ಕೇಂದ್ರದಲ್ಲಾಗಲಿ ಇರುವುದಿಲ್ಲ. ಅವು ನೂರಾರು ಕಿಲೋಮೀಟರ್ ದೂರದ ದತ್ತಾಂಶ ಕೇಂದ್ರಗಳಲ್ಲಿರುತ್ತವೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಸಾಲದ ಖಾತೆ ಪುಸ್ತಕಗಳೂ ಇದೇ ದಾರಿಯಲ್ಲಿ ಸಾಗಿವೆ. ಕೇಂದ್ರ ಸಚಿವ ಸಂಪುಟವು 2022ರ ಜೂನ್ ತಿಂಗಳಿನಲ್ಲಿ 63,000 ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಅನುಮೋದನೆ ನೀಡಿದಾಗ, ಎಲ್ಲ ಸಂಘಗಳಿಗೂ ಸಮಾನವಾದ ಕ್ಲೌಡ್ ಆಧಾರಿತ ತಂತ್ರಾಂಶವನ್ನು ಸಿದ್ಧಪಡಿಸುವುದು ಅದರ ಮುಖ್ಯ ಅಂಶವಾಗಿತ್ತು.

ಈ ಸಂಬಂಧದ ಸಭೆ, ತರಬೇತಿ ಹಾಗೂ ದರಪಟ್ಟಿಗಳಲ್ಲಿ ಖಾಸಗಿ ಕ್ಲೌಡ್, ಸಾರ್ವಜನಿಕ ಕ್ಲೌಡ್, ಮಿಶ್ರ ಕ್ಲೌಡ್ ಎಂಬ ಮೂರು ಪದಗಳು ಪದೇ ಪದೇ ಬರುತ್ತವೆ. ಸಂಘಗಳ ಆಡಳಿತ ಮಂಡಳಿ ಸದಸ್ಯರು, ಕಾರ್ಯದರ್ಶಿಗಳು, ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಸದರಿ ಪದಗಳನ್ನು ಇಲ್ಲಿ ವಿವರಿಸಲಾಗಿದೆ.

ಕ್ಲೌಡ್ ಎಂದರೇನು, ಯಾವುದು ಅಲ್ಲ

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವ್ಯಾಖ್ಯೆಯನ್ನು ಇಂದಿಗೂ ಹೆಚ್ಚಿನ ದೇಶಗಳು ಆಧಾರವಾಗಿ ಬಳಸುತ್ತವೆ. ಅದರಂತೆ, ಬಳಕೆದಾರನು ತನಗೆ ಬೇಕಾದಾಗ ಬೇಕಾದಷ್ಟು ಗಣಕ ಸಾಮರ್ಥ್ಯವನ್ನು ತಾನೇ ಪಡೆಯುವಂತಿರಬೇಕು. ಅದು ಜಾಲದ ಮೂಲಕ ಲಭ್ಯವಿರಬೇಕು. ಯಂತ್ರಗಳ ಒಂದೇ ಸಂಗ್ರಹವನ್ನು ಹಲವರು ಹಂಚಿಕೊಳ್ಳುವಂತಿರಬೇಕು. ಅಗತ್ಯಕ್ಕೆ ತಕ್ಕಂತೆ ಶೀಘ್ರವಾಗಿ ಹಿಗ್ಗಬೇಕು, ಕುಗ್ಗಬೇಕು. ಬಳಸಿದ್ದಕ್ಕೆ ವಿದ್ಯುತ್ ಮೀಟರಿನಂತೆ ಅಳತೆ ಇರಬೇಕು. ಈ ಐದೂ ಲಕ್ಷಣಗಳಿದ್ದಲ್ಲಿ ಮಾತ್ರ ಅದು ಕ್ಲೌಡ್. ಬೇರೆ ಊರಿನಲ್ಲಿ ಸರ್ವರ್ ಇಟ್ಟ ಮಾತ್ರಕ್ಕೆ ಅದು ಕ್ಲೌಡ್ ಆಗುವುದಿಲ್ಲ. ಮಾರಾಟಗಾರರು ಎಲ್ಲವನ್ನೂ ಕ್ಲೌಡ್ ಎಂದೇ ಕರೆಯುವ ರೂಢಿ ಇರುವುದರಿಂದ ಈ ಅಂಶವನ್ನು ಗಮನದಲ್ಲಿಡುವುದು ಒಳ್ಳೆಯದು.

ಭೂಮಿ ಯೋಜನೆಯ ಇತಿಹಾಸವನ್ನು ನೋಡಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. 2000ಕ್ಕೆ ಮೊದಲು ರಾಜ್ಯದ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿ, ತಾಲ್ಲೂಕು ಕೇಂದ್ರಗಳ ಕಿಯೋಸ್ಕ್‌ಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿ ನೀಡುವ ವ್ಯವಸ್ಥೆ ಜಾರಿಗೆ ಬಂದಿತು. ಆಗ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್ ಇತ್ತು. ಶಿರಸಿಯ ಸರ್ವರ್ ಬಿಡುವಾಗಿದ್ದರೂ ಸಿದ್ದಾಪುರದ ಸರದಿ ಸಾಲಿಗೆ ಅದರಿಂದ ಪ್ರಯೋಜನವಿರಲಿಲ್ಲ. ಅದು ಅತ್ಯುತ್ತಮ ಗಣಕೀಕರಣವಾಗಿತ್ತು, ಆದರೆ ಕ್ಲೌಡ್ ಆಗಿರಲಿಲ್ಲ. ಮುಂದೆ ದಾಖಲೆಗಳು ರಾಜ್ಯಮಟ್ಟದಲ್ಲಿ ಒಂದೆಡೆ ಸೇರಿದ ನಂತರವೇ ಯಾವ ಊರಿನ ಪಹಣಿಯನ್ನಾದರೂ ಯಾವ ಊರಿನಿಂದಲಾದರೂ ಪಡೆಯುವುದು ಸಾಧ್ಯವಾಯಿತು.

ಪದಗಳಿಂದ ಉಂಟಾಗುವ ತಪ್ಪು ಕಲ್ಪನೆ

ಕನ್ನಡದಲ್ಲಿ ಸಾರ್ವಜನಿಕ ಎಂದೊಡನೆ ಸಾರ್ವಜನಿಕ ಆಸ್ಪತ್ರೆ, ಸಾರ್ವಜನಿಕ ವಲಯದ ಬ್ಯಾಂಕ್ ಇವು ನೆನಪಿಗೆ ಬರುತ್ತವೆ. ಅಂದರೆ ಸರ್ಕಾರದ್ದು ಎಂಬ ಅರ್ಥ ಹೊಳೆಯುತ್ತದೆ. ಖಾಸಗಿ ಎಂದರೆ ಕಂಪನಿಗೆ ಸೇರಿದ್ದು ಎಂದು ತಿಳಿಯಲಾಗುತ್ತದೆ. ಕ್ಲೌಡ್ ವಿಷಯದಲ್ಲಿ ಈ ಎರಡೂ ಅರ್ಥಗಳು ಬಹುಮಟ್ಟಿಗೆ ತಲೆಕೆಳಗಾಗುತ್ತವೆ. ಸಾರ್ವಜನಿಕ ಕ್ಲೌಡ್ ಸಾಮಾನ್ಯವಾಗಿ ಖಾಸಗಿ ಕಂಪನಿಯ ಒಡೆತನದಲ್ಲಿರುತ್ತದೆ. ಹಣ ಕೊಟ್ಟ ಯಾರಿಗಾದರೂ ಬಾಡಿಗೆಗೆ ದೊರೆಯುತ್ತದೆ ಎಂಬ ಕಾರಣಕ್ಕೆ ಮಾತ್ರ ಅದಕ್ಕೆ ಆ ಹೆಸರು. ಸರ್ಕಾರವೊಂದು ತನ್ನ ಬಳಕೆಗಾಗಿಯೇ ಇರಿಸಿಕೊಂಡ ಕ್ಲೌಡ್, ತಾಂತ್ರಿಕ ಪರಿಭಾಷೆಯಲ್ಲಿ ಖಾಸಗಿ ಕ್ಲೌಡ್ ಆಗುತ್ತದೆ.

ಆದ್ದರಿಂದ “ನಮ್ಮ ದಾಖಲೆಗಳನ್ನು ಸಾರ್ವಜನಿಕ ಕ್ಲೌಡ್‌ಗೆ ಹಾಕಿದರೆ ಎಲ್ಲರೂ ನೋಡುತ್ತಾರೆ” ಎಂಬ ಆತಂಕಕ್ಕೂ, “ಸಾರ್ವಜನಿಕ ಎಂದ ಮೇಲೆ ಸರ್ಕಾರದ ಹೊಣೆ ಇದ್ದೇ ಇರುತ್ತದೆ” ಎಂಬ ಭರವಸೆಗೂ ಆಧಾರವಿಲ್ಲ. ಇವೆರಡರಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ. ಆತಂಕಪಟ್ಟವರು ವಿಚಾರಿಸುತ್ತಾರೆ, ಭರವಸೆಯಿಂದಿರುವವರು ಕರಾರನ್ನು ಓದದೆ ಸಹಿ ಮಾಡುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ಓದುಗರಿಗೆ ಅಡಿಕೆ ದಾಸ್ತಾನಿನ ಉದಾಹರಣೆಯು ಅನುಕೂಲವಾಗಬಹುದು. ಬೆಳೆಗಾರನು ಒಣಗಿಸಿದ ಅಡಿಕೆಯನ್ನು ತನ್ನ ಮನೆಯ ಅಟ್ಟದಲ್ಲಿಯೇ ಇಟ್ಟುಕೊಳ್ಳಬಹುದು. ಇಲ್ಲವೇ ಪೇಟೆಯ ವಖಾರಿಗೆ ಸಾಗಿಸಬಹುದು. ವಖಾರಿಯಲ್ಲಿ ನೂರಾರು ಜನರ ಚೀಲಗಳು ಒಂದೇ ಸೂರಿನಡಿ ಇರುತ್ತವೆ. ಆದರೂ ಪ್ರತಿ ಚೀಲಕ್ಕೂ ಗುರುತು ಇರುತ್ತದೆ, ಒಬ್ಬರ ಚೀಲ ಇನ್ನೊಬ್ಬರಿಗೆ ಹೋಗುವುದಿಲ್ಲ. ಮನೆಯ ಅಟ್ಟವು ಖಾಸಗಿ ಕ್ಲೌಡ್‌ಗೂ, ವಖಾರಿಯು ಸಾರ್ವಜನಿಕ ಕ್ಲೌಡ್‌ಗೂ ಹೋಲುತ್ತದೆ. ಹೋಲಿಕೆಗೆ ಒಂದು ಮಿತಿಯಿದೆ. ಅಡಿಕೆ ಚೀಲವು ಒಂದೇ ಸಮಯದಲ್ಲಿ ಎರಡು ಕಡೆ ಇರಲಾರದು, ದತ್ತಾಂಶವು ಇರಬಲ್ಲದು. ಮುಂದೆ ವಿವರಿಸಲಾಗುವಂತೆ, ಇಡೀ ವಿಷಯದಲ್ಲಿ ಬಹು ಮುಖ್ಯವಾದ ಅಂಶ ಇದೇ ಆಗಿದೆ.

ಖಾಸಗಿ ಕ್ಲೌಡ್

ಒಂದೇ ಸಂಸ್ಥೆಯ ಉಪಯೋಗಕ್ಕೆ ಮೀಸಲಾದುದು ಖಾಸಗಿ ಕ್ಲೌಡ್. ಯಂತ್ರಗಳು ಆ ಸಂಸ್ಥೆಯ ಕಟ್ಟಡದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ನಿರ್ವಹಣೆಯನ್ನು ಹೊರಗಿನವರಿಗೆ ವಹಿಸಿರಲೂಬಹುದು. ಬೇರೆಯವರೊಡನೆ ಹಂಚಿಕೊಂಡಿಲ್ಲ ಎಂಬುದೇ ಅದರ ಗುರುತು. ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವು ಆಧಾರ್ ದತ್ತಾಂಶವನ್ನು ಬೆಂಗಳೂರು ಹಾಗೂ ಮಾನೇಸರಗಳಲ್ಲಿರುವ ತನ್ನದೇ ದತ್ತಾಂಶ ಕೇಂದ್ರಗಳಲ್ಲಿ ಇರಿಸಿರುವುದು ಈ ಬಗೆಯ ಏರ್ಪಾಡಿಗೆ ಸಮೀಪದ ಉದಾಹರಣೆ. ನಿಯಂತ್ರಣ ಪೂರ್ಣವಾಗಿ ಸಂಸ್ಥೆಯದೇ ಆಗಿರುತ್ತದೆ. ಅದರೊಂದಿಗೆ ಯಂತ್ರ ಖರೀದಿ, ತಂಪು ವ್ಯವಸ್ಥೆ, ಬ್ಯಾಟರಿ, ನುರಿತ ಸಿಬ್ಬಂದಿ ಇವೆಲ್ಲದರ ಹೊರೆಯೂ ಸಂಸ್ಥೆಯ ಮೇಲೆಯೇ ಬೀಳುತ್ತದೆ.

ಹಲವು ಇಲಾಖೆಗಳು ಅಥವಾ ಸಮಾನ ಉದ್ದೇಶದ ಸಂಸ್ಥೆಗಳು ಸೇರಿ ಹಂಚಿಕೊಳ್ಳುವ ವ್ಯವಸ್ಥೆಗೆ ಸಮುದಾಯ ಕ್ಲೌಡ್ ಎಂಬ ಪ್ರತ್ಯೇಕ ಹೆಸರಿದೆ. ಮೂರೇ ಬಗೆಗಳೆಂದು ಹೇಳುವ ಕರಪತ್ರಗಳು ಈ ನಾಲ್ಕನೆಯದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಸರ್ಕಾರಿ ಹಾಗೂ ಸಹಕಾರಿ ವಲಯಗಳಿಗೆ ಹೆಚ್ಚು ಹೊಂದುವುದು ಇದೇ. ಭಾರತ ಸರ್ಕಾರದ ಮೇಘರಾಜ್ ಉಪಕ್ರಮದಡಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ರಾಷ್ಟ್ರೀಯ ಕ್ಲೌಡ್ 2014ರ ಫೆಬ್ರವರಿಯಲ್ಲಿ ಆರಂಭವಾಯಿತು. ಸದರಿ ಕೇಂದ್ರವು ದೆಹಲಿ, ಪುಣೆ, ಹೈದರಾಬಾದ್ ಹಾಗೂ ಭುವನೇಶ್ವರಗಳಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರಗಳನ್ನು ಹೊಂದಿದೆ.

ಸಾರ್ವಜನಿಕ ಕ್ಲೌಡ್

2006ರಲ್ಲಿ ಅಮೆಜಾನ್ ಕಂಪನಿಯು ಸಂಗ್ರಹಣಾ ಸ್ಥಳವನ್ನೂ ಗಣಕ ಸಾಮರ್ಥ್ಯವನ್ನೂ ಬಾಡಿಗೆಗೆ ನೀಡಲಾರಂಭಿಸಿದ ನಂತರ ಈ ಬಗೆಯು ವ್ಯಾಪಕವಾಯಿತು. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಭಾರತದೊಳಗೆ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು. ಅದಕ್ಕೆ ಮೊದಲು ಈ ಕಂಪನಿಗಳ ಕ್ಲೌಡ್ ಬಾಡಿಗೆಗೆ ಪಡೆದ ಇಲ್ಲಿನ ಸಂಸ್ಥೆಗಳ ದತ್ತಾಂಶವು ದೇಶದ ಹೊರಗಿನ ಕೇಂದ್ರಗಳಲ್ಲಿ ಇರಬೇಕಾಗುತ್ತಿತ್ತು.

ಸರ್ಕಾರಿ ಕೆಲಸಕ್ಕೆ ಕಂಪನಿಗಳ ಕ್ಲೌಡ್ ಬಳಸುವುದು ನಿಷಿದ್ಧವಲ್ಲ. ಕೇಂದ್ರ ವಿದ್ಯುನ್ಮಾನ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಸೇವಾದಾರರನ್ನು ಪರಿಶೀಲಿಸಿ ಪಟ್ಟಿಯಲ್ಲಿ ಸೇರಿಸುತ್ತದೆ. ಪಟ್ಟಿಯಲ್ಲಿರುವವರು ಲೆಕ್ಕಪರಿಶೋಧನೆಗೆ ಒಳಪಡಬೇಕು ಮತ್ತು ದತ್ತಾಂಶವನ್ನು ಭಾರತದಲ್ಲಿಯೇ ಇರಿಸಬೇಕು. ಈ ಪಟ್ಟಿಯು ಸಾರ್ವಜನಿಕ ಕ್ಲೌಡ್, ವರ್ಚುವಲ್ ಪ್ರೈವೇಟ್ ಕ್ಲೌಡ್ ಹಾಗೂ ಸರ್ಕಾರಿ ಸಮುದಾಯ ಕ್ಲೌಡ್ ಎಂಬ ವಿಭಾಗಗಳನ್ನು ಒಳಗೊಂಡಿದೆ. ಒಂದೇ ಕಂಪನಿಯು ಮೂರನ್ನೂ ಮಾರಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಮಾಲೀಕ ಯಾರು ಎಂಬುದರ ಮೇಲಲ್ಲ, ಯಂತ್ರವನ್ನು ಯಾರ ಜೊತೆ ಹಂಚಿಕೊಳ್ಳಲಾಗಿದೆ ಎಂಬುದರ ಮೇಲೆ ಹೆಸರು ನಿರ್ಧಾರವಾಗುತ್ತದೆ.

ಮಿಶ್ರ ಕ್ಲೌಡ್

ಎರಡು ಅಥವಾ ಹೆಚ್ಚು ಬಗೆಯ ಕ್ಲೌಡ್‌ಗಳು ಪ್ರತ್ಯೇಕವಾಗಿಯೇ ಉಳಿದು, ದತ್ತಾಂಶ ಹಾಗೂ ತಂತ್ರಾಂಶಗಳು ಅವುಗಳ ನಡುವೆ ಓಡಾಡುವಂತೆ ಜೋಡಿಸಿದ್ದರೆ ಅದು ಮಿಶ್ರ ಕ್ಲೌಡ್. ಇದನ್ನೇ ಹೈಬ್ರಿಡ್ ಕ್ಲೌಡ್ ಎನ್ನಲಾಗುತ್ತದೆ. ಜೋಡಣೆ ಎಂಬುದು ಇಲ್ಲಿ ಅಗತ್ಯ ಲಕ್ಷಣ. ಕಚೇರಿಯಲ್ಲಿ ಒಂದು ಸರ್ವರ್ ಇದ್ದು, ಪತ್ರವ್ಯವಹಾರಕ್ಕೆ ಮಾತ್ರ ಕಂಪನಿಯ ಇ-ಮೇಲ್ ಬಳಸುತ್ತಿದ್ದರೆ ಅದು ಮಿಶ್ರ ಕ್ಲೌಡ್ ಅಲ್ಲ.

ಕಾಲೋಚಿತ ದಟ್ಟಣೆ ಇರುವ ಕೆಲಸಗಳಿಗೆ ಈ ಬಗೆಯು ಉಪಯುಕ್ತ. ಅಡಿಕೆ ಹಾಗೂ ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ತುಂಬುವ ಕೊನೆಯ ದಿನಗಳಲ್ಲಿ ಸಂಘಗಳ ಮುಂದೆ ಎಷ್ಟು ಜನ ಸೇರುತ್ತಾರೆಂಬುದು ಈ ಭಾಗದವರಿಗೆ ತಿಳಿದೇ ಇದೆ. ಮಾರ್ಚ್ ಕೊನೆಯ ಸಾಲ ನವೀಕರಣವೂ ಹಾಗೆಯೇ. ಸದಸ್ಯರ ಹೆಸರು, ಖಾತೆ, ಸಾಲದ ಬಾಕಿ ಇವುಗಳನ್ನು ಖಾಸಗಿ ಅಥವಾ ಸಮುದಾಯ ಕ್ಲೌಡ್‌ನಲ್ಲಿಯೇ ಉಳಿಸಿಕೊಂಡು, ಅರ್ಜಿ ಸ್ವೀಕರಿಸುವ ಜಾಲಪುಟದ ಹೊರೆಯನ್ನು ಮಾತ್ರ ಆ ಹದಿನೈದು ದಿನಗಳ ಮಟ್ಟಿಗೆ ಸಾರ್ವಜನಿಕ ಕ್ಲೌಡ್‌ಗೆ ವರ್ಗಾಯಿಸಲು ಮಿಶ್ರ ವ್ಯವಸ್ಥೆಯಲ್ಲಿ ಅವಕಾಶವಿರುತ್ತದೆ. ಆದರೆ ಎರಡು ವ್ಯವಸ್ಥೆಗಳನ್ನು ಜೋಡಿಸುವ ಕೊಂಡಿಗೆ ಕಾವಲು ಬೇಕು, ಎರಡನ್ನೂ ಬಲ್ಲ ಸಿಬ್ಬಂದಿ ಬೇಕು. ಒಬ್ಬರೇ ಗುಮಾಸ್ತರಿರುವ ಸಂಘವು ತಾನಾಗಿ ಮಿಶ್ರ ಕ್ಲೌಡ್ ಕಟ್ಟಿಕೊಳ್ಳಲು ಹೊರಡುವುದು ಸೂಕ್ತವಲ್ಲ. ಜಿಲ್ಲಾ ಅಥವಾ ರಾಜ್ಯ ಮಟ್ಟದ ಸಂಸ್ಥೆ ನಿರ್ವಹಿಸುವುದೇ ಯುಕ್ತ.

ವೆಚ್ಚದ ಲೆಕ್ಕಾಚಾರ

ಸ್ವಂತ ಯಂತ್ರಕ್ಕೆ ಮಾಡುವ ಖರ್ಚು ಬಂಡವಾಳ ವೆಚ್ಚ. ಬಾಡಿಗೆ ಕ್ಲೌಡ್‌ನದು ರಾಜಸ್ವ ವೆಚ್ಚ. ಮೊದಲನೆಯದರಲ್ಲಿ ಬಳಸಿದರೂ ಬಿಟ್ಟರೂ ಸವಕಳಿ ತಪ್ಪುವುದಿಲ್ಲ. ಎರಡನೆಯದರಲ್ಲಿ ಗಮನಿಸದಿದ್ದರೆ ಬಿಲ್ಲು ಬೆಳೆಯುತ್ತದೆ. ವಿವರಣೆಗಾಗಿ ಮಾತ್ರ ಕಲ್ಪಿಸಿದ ಅಂಕಿಗಳನ್ನು ನೋಡಬಹುದು. ಮೂರು ಲಕ್ಷ ರೂಪಾಯಿ ಬೆಲೆಯ ಸರ್ವರ್ ಐದು ವರ್ಷ ಬಾಳಿದರೆ ವರ್ಷಕ್ಕೆ 60,000 ರೂಪಾಯಿ. ವಿದ್ಯುತ್, ಬ್ಯಾಟರಿ, ದುರಸ್ತಿಗಾಗಿ 40,000 ರೂಪಾಯಿ. ಒಟ್ಟು ಒಂದು ಲಕ್ಷ. ಬಾಡಿಗೆಯಲ್ಲಿ ಸಾಮಾನ್ಯ ತಿಂಗಳಿಗೆ 6,000 ರೂಪಾಯಿಯಂತೆ ಒಂಬತ್ತು ತಿಂಗಳಿಗೆ 54,000, ದಟ್ಟಣೆಯ ಮೂರು ತಿಂಗಳಿಗೆ 12,000 ರೂಪಾಯಿಯಂತೆ 36,000. ಒಟ್ಟು 90,000 ರೂಪಾಯಿ. ದಟ್ಟಣೆ ಮುಗಿದ ಮೇಲೆ ಸಾಮರ್ಥ್ಯವನ್ನು ತಗ್ಗಿಸಲು ಮರೆತು ವರ್ಷವಿಡೀ ಹಾಗೆಯೇ ಬಿಟ್ಟರೆ ಅದೇ ಬಾಡಿಗೆ 1,44,000 ರೂಪಾಯಿ ಆಗುತ್ತದೆ. ಕ್ಲೌಡ್ ಅಗ್ಗವೋ ದುಬಾರಿಯೋ ಎಂಬುದು ಕ್ಲೌಡ್‌ನಿಂದ ನಿರ್ಧಾರವಾಗುವುದಿಲ್ಲ, ತಿಂಗಳ ಬಿಲ್ಲನ್ನು ಯಾರು ಪರಿಶೀಲಿಸುತ್ತಾರೆ ಎಂಬುದರಿಂದ ನಿರ್ಧಾರವಾಗುತ್ತದೆ.

ದಾಖಲೆ ನಷ್ಟವಾದಲ್ಲಿ

ಖಾಸಗಿ ಕ್ಲೌಡ್ ಸುರಕ್ಷಿತ, ಸಾರ್ವಜನಿಕ ಕ್ಲೌಡ್ ಅಪಾಯಕರ ಎಂಬುದು ವ್ಯಾಪಕವಾಗಿರುವ ನಂಬಿಕೆ. ಈಚಿನ ವರ್ಷಗಳ ಘಟನೆಗಳು ಇದನ್ನು ಸಮರ್ಥಿಸುವುದಿಲ್ಲ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹೊತ್ತಿಕೊಂಡಿತು. ನೂರಾರು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ಅಧಿಕಾರಿಗಳು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸರ್ಕಾರದ ಸ್ವಂತ ಕ್ಲೌಡ್ ಸುಟ್ಟುಹೋಯಿತು. ಅದರಲ್ಲಿದ್ದ ಸುಮಾರು 858 ಟೆರಾಬೈಟ್ ದತ್ತಾಂಶಕ್ಕೆ ಬೇರೆಡೆ ಪ್ರತಿ ಇರಲಿಲ್ಲ. ಗಾತ್ರ ದೊಡ್ಡದು ಎಂಬ ಕಾರಣಕ್ಕೆ ಪ್ರತಿ ಇಟ್ಟಿರಲಿಲ್ಲ. ಮುಂದುವರಿದ ದೇಶ, ಸ್ವಂತ ಯಂತ್ರ, ಸ್ವಂತ ಕಾವಲು ಎಲ್ಲವೂ ಇದ್ದೂ ಹೀಗಾಯಿತು.

ಸಾರ್ವಜನಿಕ ಕ್ಲೌಡ್‌ನ ಕಡೆಯೂ ಇಂಥದೇ ಉದಾಹರಣೆಯಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಹಲವು ಗ್ರಾಹಕರ ದತ್ತಾಂಶ ಶಾಶ್ವತವಾಗಿ ನಾಶವಾಯಿತು. ಪ್ರತಿ ಇಡುವುದು ಕಂಪನಿಯ ಹೊಣೆ ಎಂದು ಅವರಲ್ಲಿ ಅನೇಕರು ಭಾವಿಸಿದ್ದರು.

ಮೂರನೆಯ ಘಟನೆಯು ಹೆಚ್ಚು ಬೋಧಪ್ರದವಾಗಿದೆ. 2024ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯು ಗೂಗಲ್ ಕಂಪನಿಯಿಂದ ಪಡೆದಿದ್ದ ಖಾಸಗಿ ಕ್ಲೌಡ್, ಸಂರಚನೆಯಲ್ಲಿನ ದೋಷದಿಂದಾಗಿ ಅಳಿಸಿಹೋಯಿತು. ನಿಧಿಯು ಎರಡು ಬೇರೆ ಸ್ಥಳಗಳಲ್ಲಿ ದತ್ತಾಂಶ ಇಟ್ಟಿತ್ತು. ಎರಡೂ ಒಂದೇ ಕಂಪನಿಯ ಒಂದೇ ಚಂದಾದಡಿ ಇದ್ದುದರಿಂದ ಎರಡೂ ಒಟ್ಟಿಗೆ ಹೋದವು. ಆರು ಲಕ್ಷಕ್ಕೂ ಅಧಿಕ ಸದಸ್ಯರು ಸುಮಾರು ಒಂದು ವಾರ ತಮ್ಮ ಖಾತೆಗಳನ್ನು ನೋಡಲಾಗಲಿಲ್ಲ. ಆದರೆ ನಿಧಿಯು ಬೇರೊಂದು ಸೇವಾದಾರನ ಬಳಿ ಇನ್ನೊಂದು ಪ್ರತಿಯನ್ನು ಇರಿಸಿಕೊಂಡಿತ್ತು. ಅದರಿಂದಾಗಿ ವ್ಯವಸ್ಥೆಯನ್ನು ಮರಳಿ ಕಟ್ಟಲು ಸಾಧ್ಯವಾಯಿತು.

ಕ್ಲೌಡ್‌ನ ಹೆಸರು, ದತ್ತಾಂಶವು ಯಾರೊಡನೆ ಹಂಚಿಕೊಂಡ ಯಂತ್ರದಲ್ಲಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಅದು ಹೋದರೆ ಯಾರು ಉತ್ತರ ಕೊಡಬೇಕು, ಎರಡನೆಯ ಪ್ರತಿ ಎಲ್ಲಿದೆ ಎಂಬುದನ್ನು ತಿಳಿಸುವುದಿಲ್ಲ. ಅದನ್ನು ಕರಾರಿನಲ್ಲಿಯೇ ಹುಡುಕಬೇಕು. ಸಹಕಾರ ಸಂಘದಲ್ಲಿ ಸಾಲ ತೀರಿಸಿದ ರೈತನ ಜಮಾ ನಮೂದು ಅಳಿಸಿಹೋದರೆ, ಬಾಕಿ ಇಲ್ಲವೆಂದು ರುಜುವಾತುಪಡಿಸುವ ಹೊರೆ ಅವನ ಮೇಲೆಯೇ ಬೀಳುವ ಸಂಭವವಿರುತ್ತದೆ. ಆದುದರಿಂದ ಸದಸ್ಯರು ಪಾವತಿಯ ರಸೀದಿಯನ್ನು ಕಾಗದದಲ್ಲಿ ಪಡೆದು ಇಟ್ಟುಕೊಳ್ಳುವುದನ್ನು ಗಣಕೀಕರಣದ ನಂತರವೂ ಬಿಡಬಾರದು.

ದತ್ತಾಂಶ ಇದ್ದೂ ಸೇವೆ ನಿಲ್ಲುವ ಸಂದರ್ಭಗಳೂ ಇವೆ. 2025ರ ಜನವರಿಯಲ್ಲಿ ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ನಕಲಿ ಕೋರಿಕೆಗಳ ಮಳೆಗರೆದು ದಾಳಿ ನಡೆಸಿದಾಗ ರಾಜ್ಯದಲ್ಲಿ ನೋಂದಣಿ ಕಾರ್ಯಕ್ಕೆ ಅಡಚಣೆಯಾಯಿತು. ಇಂತಹ ದಾಳಿಗೆ ಯಾವ ಬಗೆಯ ಕ್ಲೌಡ್ ಕೂಡ ಹೊರತಲ್ಲ.

ಮಲೆನಾಡಿನ ವಿಶೇಷ ಸಂದರ್ಭ

2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಸಂಭವಿಸಿದ ಭೂಕುಸಿತವು ಈ ಪ್ರದೇಶದಲ್ಲಿ ಕಟ್ಟಡ, ರಸ್ತೆ, ತೋಟ ಯಾವುದೂ ಶಾಶ್ವತವಲ್ಲ ಎಂಬುದನ್ನು ತೋರಿಸಿತು. ದಾಖಲೆಯ ಒಂದೇ ಪ್ರತಿಯನ್ನು ಊರಿನ ಕಚೇರಿಯಲ್ಲಿಯೇ ಇಡುವುದರ ಅಪಾಯಕ್ಕೆ ಬೇರೆ ವಿವರಣೆ ಬೇಕಿಲ್ಲ. ತೇವ ಹಾಗೂ ಗೆದ್ದಲು ಕಾಗದಕ್ಕೆ ಮಾಡುವುದನ್ನು ಸಿಡಿಲು ಯಂತ್ರಕ್ಕೆ ಮಾಡುತ್ತದೆ.

ಇದೇ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋಗುತ್ತದೆ, ಕೇಬಲ್ ತುಂಡಾಗುತ್ತದೆ, ಮೊಬೈಲ್ ಗೋಪುರ ಮೌನವಾಗುತ್ತದೆ. ಆಗ ದೂರದ ಕ್ಲೌಡ್ ಸುರಕ್ಷಿತವಾಗಿದ್ದರೂ ಅದನ್ನು ತಲುಪುವ ದಾರಿ ಇರುವುದಿಲ್ಲ. ಖಾಸಗಿಯಾಗಲಿ ಸಾರ್ವಜನಿಕವಾಗಲಿ ಈ ತೊಂದರೆ ಸಮಾನ. ಆದ್ದರಿಂದ ಹೇರೂರಿನಂತಹ ಊರುಗಳ ಕಚೇರಿಗಳಿಗೆ ತಂತ್ರಾಂಶ ಆಯ್ಕೆ ಮಾಡುವಾಗ, ಜಾಲ ಸಂಪರ್ಕ ಇಲ್ಲದಿದ್ದಾಗಲೂ ದಿನದ ವ್ಯವಹಾರ ನಮೂದಿಸಿ, ಸಂಪರ್ಕ ಬಂದ ಮೇಲೆ ಕೇಂದ್ರಕ್ಕೆ ರವಾನಿಸುವ ಸೌಲಭ್ಯವಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಬೆಂಗಳೂರಿನಲ್ಲಿ ನಡೆಯುವ ಪ್ರಾತ್ಯಕ್ಷಿಕೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ಕರಾರಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಗಣಕೀಕರಣ ಯೋಜನೆಯ ವ್ಯಾಪ್ತಿಗೆ ಬರುವ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಪ್ರತ್ಯೇಕವಾಗಿ ಕ್ಲೌಡ್ ಆಯ್ಕೆ ಮಾಡುವ ಅಗತ್ಯ ಬೀಳುವುದಿಲ್ಲ. ಅವುಗಳ ತಂತ್ರಾಂಶವು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹಾಗೂ ರಾಜ್ಯ ಸಹಕಾರಿ ಬ್ಯಾಂಕ್ ಮೂಲಕ ನಬಾರ್ಡ್‌ವರೆಗೆ ಜೋಡಣೆಯಾಗುವಂತೆ ರೂಪುಗೊಂಡಿದೆ. ಈ ಜಿಲ್ಲೆಗೆ ಸಂಬಂಧಿಸಿದಂತೆ ಶಿರಸಿಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಆ ಕೊಂಡಿಯಾಗಿರುತ್ತದೆ. ಸ್ವತಂತ್ರವಾಗಿ ತಂತ್ರಾಂಶ ಖರೀದಿಸುವ ಮಾರಾಟ ಸಂಘ, ಸೌಹಾರ್ದ ಸಹಕಾರಿ ಮೊದಲಾದವುಗಳಿಗೆ ಈ ಮುಂದಿನ ಮಾತು ಅನ್ವಯಿಸುತ್ತದೆ.

ದತ್ತಾಂಶ ಇರುವ ನಗರಗಳ ಹೆಸರು ಕರಾರಿನಲ್ಲಿ ನಮೂದಾಗಿರಬೇಕು. ಪ್ರತಿಯನ್ನು ಎಷ್ಟು ಗಂಟೆಗೊಮ್ಮೆ ತೆಗೆಯಲಾಗುತ್ತದೆ, ಅದು ಬೇರೆ ಸೇವಾದಾರನಲ್ಲಿದೆಯೇ, ಅದರಿಂದ ದಾಖಲೆ ಮರಳಿ ಪಡೆಯುವ ಪರೀಕ್ಷೆಯನ್ನು ವರ್ಷಕ್ಕೆ ಎಷ್ಟು ಬಾರಿ ನಡೆಸಿ ತೋರಿಸಲಾಗುತ್ತದೆ ಎಂಬುದನ್ನು ಕೇಳಬೇಕು. ಪರೀಕ್ಷಿಸದ ಪ್ರತಿಯನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯಲಾಗದು. ಭಾರತೀಯ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡದ 2022ರ ಏಪ್ರಿಲ್ 28ರ ನಿರ್ದೇಶನಗಳಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕಾಗಿರುವುದರಿಂದ, ಆ ವರದಿಯನ್ನು ಸಂಘ ಕಳುಹಿಸಬೇಕೋ ಸೇವಾದಾರನೋ ಎಂಬುದೂ ಬರಹದಲ್ಲಿರಬೇಕು. ಸದಸ್ಯರ ವೈಯಕ್ತಿಕ ವಿವರಗಳ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮುಖ್ಯ ಹೊಣೆಯನ್ನು ವಿವರ ಸಂಗ್ರಹಿಸಿದ ಸಂಸ್ಥೆಯ ಮೇಲೆಯೇ ಇರಿಸುತ್ತದೆ. ಯಂತ್ರ ಬಾಡಿಗೆಯದಾದರೂ ಹೊಣೆಯನ್ನು ಬಾಡಿಗೆಗೆ ಕೊಡಲಾಗುವುದಿಲ್ಲ.

ಕೊನೆಯದಾಗಿ, ಕರಾರು ಮುಗಿದಾಗ ಸಂಘದ ದತ್ತಾಂಶವನ್ನು ಯಾವ ರೂಪದಲ್ಲಿ, ಎಷ್ಟು ದಿನಗಳಲ್ಲಿ, ಎಷ್ಟು ಶುಲ್ಕಕ್ಕೆ ಹಿಂದಿರುಗಿಸಲಾಗುವುದು ಹಾಗೂ ತಮ್ಮಲ್ಲಿ ಉಳಿದ ಪ್ರತಿಯನ್ನು ಅಳಿಸಿದ್ದಕ್ಕೆ ಯಾವ ದೃಢೀಕರಣ ನೀಡಲಾಗುವುದು ಎಂಬುದನ್ನು ಸೇರುವ ದಿನವೇ ಬರೆಸಿಕೊಳ್ಳತಕ್ಕದ್ದು. ದತ್ತಾಂಶವು ಆ ಕಂಪನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವಂತಿದ್ದರೆ ಅದನ್ನು ಹಿಂದಿರುಗಿಸಿದಂತೆ ಆಗುವುದಿಲ್ಲ.